ಪತ್ತೇದಾರಿ ಕಾದಂಬರಿಗಳ ಒಂಟಿ ಓದುಗನ ಆರು ಪಾಠಗಳು

ಹಳೆಯ ಕನ್ನಡ ಪತ್ತೇದಾರಿ ಕಾದಂಬರಿಗಳನ್ನು ಓದುವ, ಕೂಡಿಡುವ ಗೀಳು ನನಗಿದೆ. ಎನ್. ನರಸಿಂಹಯ್ಯ, ಮ. ರಾಮಮೂರ್ತಿ, ಟಿ.ಕೆ. ರಾಮರಾವ್ ಇವರೆಲ್ಲ ನನ್ನ ದೇವರುಗಳು. ಒಂದು ಕಾಲಕ್ಕೆ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ದಿನಬಾಡಿಗೆಗೆ ಕೈಯಿಂದ ಕೈಗೆ ಓಡಾಡಿದ ಪುಸ್ತಕಗಳಿವು. ಈಗ ಇವುಗಳ ಬಗ್ಗೆ ಮಾತಾಡೋಣವೆಂದರೆ ಬಸವನಗುಡಿಯಂಥ ಬಸವನಗುಡಿಯಲ್ಲೂ ಜನ ಸಿಗುವುದಿಲ್ಲ. ಬೇರೆಯವರಿಗೆ ಹೇಳಿಕೊಡುವಷ್ಟು ನನಗೇನೂ ಗೊತ್ತಿಲ್ಲ. ಒಬ್ಬನೇ ಓದುತ್ತಾ ಪೇಚಿಗೆ ಸಿಕ್ಕಿಕೊಂಡದ್ದರ ಲೆಕ್ಕ ಮಾತ್ರ ಇದು.

1. ಪುಸ್ತಕಕ್ಕೆ ಮುಸುಕು ಹಾಕಬೇಡಿ.

ಡಿವಿಜಿ, ಮಾಸ್ತಿ ಓಡಾಡಿದ ಬೀದಿಗಳಲ್ಲಿ ಪಿಸ್ತೂಲಿನ ಮುಖಪುಟ ಹಿಡಿದು ನಡೆಯಲು ಧೈರ್ಯ ಬೇಕು. ನನಗಿರಲಿಲ್ಲ. ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಬೈಂಡು ಹಾಕಿಕೊಳ್ಳುತ್ತಿದ್ದೆ, ದೇವರ ಚಿತ್ರ ಹೊರಗೆ ಕಾಣುವಂತೆ. ಒಮ್ಮೆ ಬಸ್ಸಿನಲ್ಲಿ ಪುಸ್ತಕ ಕೈಜಾರಿತು. ಕಾಲು ತಾಕಿತಲ್ಲಾ ಎಂದು ಪಕ್ಕದ ಸೀಟಿನವರು ಅದನ್ನೆತ್ತಿ ಕಣ್ಣಿಗೊತ್ತಿಕೊಂಡು ಕೊಟ್ಟರು. ಒಳಗೆ ಆಗಷ್ಟೇ ಎರಡನೇ ಹೆಣ ಬಿದ್ದಿತ್ತು. ನಗು ಬಂತು, ಆಮೇಲೆ ಯೋಚನೆಯೂ ಬಂತು. ಇವರೂ ನನ್ನ ಜಾತಿಯ ಓದುಗರೇ ಆಗಿದ್ದರೆ ಗುರುತು ಹಿಡಿಯುವುದಾದರೂ ಹೇಗೆ? ಜೊತೆಗೆ ಯಾರೂ ಇಲ್ಲವೆಂದು ಕೊರಗುತ್ತಿದ್ದವನು ನಾನೇ ಬಚ್ಚಿಟ್ಟುಕೊಂಡಿದ್ದೆ.

2. ‘ಇದೂ ಸಾಹಿತ್ಯವೇ’ ಎಂದು ಜಗಳಕ್ಕೆ ನಿಲ್ಲಬೇಡಿ.

ಮುಸುಕು ತೆಗೆದ ಮೇಲೆ ಇನ್ನೊಂದು ಅತಿಗೆ ಹೋದೆ. ಗಾಂಧಿಬಜಾರಿನಲ್ಲಿ ಕಾಫಿಗೆ ಕೂತಾಗಲೆಲ್ಲ ಗೆಳೆಯರಿಗೆ ಭಾಷಣ. ಬಂಗಾಳದ ಪತ್ತೇದಾರ ಫೆಲೂದಾ ಹುಟ್ಟಿದ್ದು 1965ರಲ್ಲಿ, ನಮ್ಮ ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಅದಕ್ಕೂ ಹಿಂದಿನವನು. ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಓದಿದ ಮನುಷ್ಯ 500ಕ್ಕೂ ಹೆಚ್ಚು ಕಾದಂಬರಿ ಬರೆದರು, ಎಷ್ಟೋ ಮನೆಗಳಿಗೆ ಓದುವ ಚಟ ಹತ್ತಿಸಿದರು. ‘ಸರಿಯಪ್ಪಾ, ಒಂದು ಪುಟ ಓದು’ ಎಂದರು ಗೆಳೆಯರು. ಓದಿದೆ. ಮೀಸೆ ಅಂಟಿಸಿಕೊಂಡು ವೇಷ ಮರೆಸಿದ ಪತ್ತೇದಾರನನ್ನು ಕಂಡು ಬಿದ್ದು ಬಿದ್ದು ನಕ್ಕರು. ನಾನು ಮುಖ ಊದಿಸಿಕೊಂಡು ಪುಸ್ತಕ ಮುಚ್ಚಿದೆ. ಅವರು ‘ಆಮೇಲೇನಾಯ್ತೋ?’ ಎಂದು ಕೇಳಿದ್ದು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಪತ್ತೇದಾರಿ ಕಾದಂಬರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನಿದೆ? ಈಗ ‘ನನಗಿಷ್ಟ, ಅದಕ್ಕೇ ಓದ್ತೀನಿ’ ಅನ್ನುತ್ತೇನೆ. ತೀರಾ ಕೆಣಕಿದರೆ, 1972ರ ‘ಬಂಗಾರದ ಮನುಷ್ಯ’ ಸಿನಿಮಾದ ಕಾದಂಬರಿ ಬರೆದ ರಾಮರಾವ್ ಅವರೇ ಈ ಕೊಲೆ ಕಥೆಗಳನ್ನೂ ಬರೆದದ್ದು ಎಂದು ಹೇಳಿ ಸುಮ್ಮನಾಗುತ್ತೇನೆ.

3. ಕೊನೆಯ ಪುಟ ನೋಡಿಯೇ ದುಡ್ಡು ಕೊಡಿ.

ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಮುಖಪುಟ ಚೆನ್ನಾಗಿದ್ದರೆ ಸಾಕು, ಕಂತೆಗಟ್ಟಲೆ ಹೊತ್ತು ತರುತ್ತಿದ್ದೆ. ಅಗ್ಗದ ಕಾಗದ, ಪಿನ್ನು ಹೊಡೆದ ಹೊಲಿಗೆ. ಇಂಥ ಪುಸ್ತಕದಲ್ಲಿ ಮೊದಲು ಉದುರುವುದೇ ಆಚೀಚೆಯ ಹಾಳೆಗಳು. ಅಂದರೆ ಕೊಲೆಗಾರ ಸಿಕ್ಕಿಬೀಳುವ ಜಾಗ. ಅಗಾಥಾ ಕ್ರಿಸ್ಟಿ ಪುಸ್ತಕವಾದರೆ ಯಾರನ್ನು ಕೇಳಿದರೂ ಅಂತ್ಯ ಹೇಳಿಯಾರು. ಇಲ್ಲಿ ಯಾರನ್ನು ಕೇಳುವುದು? ನನ್ನ ಅಭಿರುಚಿಯನ್ನು ಯಾರೂ ಮೆಚ್ಚದಿದ್ದಾಗ ಅಷ್ಟು ಬೇಜಾರಾಗಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಕಥೆ ಅರ್ಧ ವಾಕ್ಯದಲ್ಲಿ ನಿಂತು, ಮುಂದೇನು ಎಂದು ಕೇಳಲು ಊರಲ್ಲಿ ಒಬ್ಬರೂ ಇಲ್ಲದಾಗಲೇ ಒಂಟಿತನ ಅಂದರೇನೆಂದು ತಿಳಿದದ್ದು.

4. ಸಿಕ್ಕವರಿಗೆ ಪರೀಕ್ಷೆ ಇಡಬೇಡಿ.

ಜೊತೆಗಾರರನ್ನು ಪುಸ್ತಕ ಬಿಡುಗಡೆ ಸಮಾರಂಭಗಳಲ್ಲಿ ಹುಡುಕುತ್ತಿದ್ದೆ. ಸಿಕ್ಕಿದ್ದು ಮಲ್ಲೇಶ್ವರದ ದೊಡ್ಡಮ್ಮನ ಮನೆಯಲ್ಲಿ. ಅವರೆಕಾಯಿ ಸುಲಿಯುತ್ತಾ ಕೂತವರು ನನ್ನ ಚೀಲದಲ್ಲಿದ್ದ ಪುಸ್ತಕ ನೋಡಿ, ‘ಲೋ, ಇವನ್ನೆಲ್ಲ ನಿಮ್ಮ ದೊಡ್ಡಪ್ಪ ಆಫೀಸಿಗೆ ಹೋದಮೇಲೆ ಓದ್ತಿದ್ದೆ ಕಣೋ’ ಎಂದು ಒಂದು ಕಥೆಯನ್ನೇ ಶುರು ಮಾಡಿದರು. ಸುಮ್ಮನೆ ಕೇಳಬೇಕಿತ್ತು. ನಾನು ‘ಅದು ಪುರುಷೋತ್ತಮ ಅಲ್ಲ ದೊಡ್ಡಮ್ಮ, ಮಧುಸೂದನ, ಯಾವ ಕಾದಂಬರಿ ಹೇಳಿ?’ ಎಂದು ತಿದ್ದಿದೆ. ‘ಯಾವುದೋ ಮರೆತೋಯ್ತು ಬಿಡು’ ಎಂದು ಕಾಳಿನ ಕಡೆ ತಿರುಗಿದರು. ಹೆಸರು, ವರ್ಷ, ಮುದ್ರಣ ನನ್ನಂಥವರ ಕಾಯಿಲೆ. ಕದ್ದು ಓದಿದ ಮಧ್ಯಾಹ್ನಗಳು ಅವರಿಗೆ ನೆನಪಿದ್ದವು. ಅಷ್ಟಕ್ಕೇ ತೃಪ್ತಿಪಟ್ಟು ಬಾಯಿ ಮುಚ್ಚಿಕೊಳ್ಳುವುದನ್ನು ಕಲಿಯಲು ಇನ್ನೂ ಒಂದಿಬ್ಬರು ಹಿರಿಯರನ್ನು ಕಳೆದುಕೊಳ್ಳಬೇಕಾಯಿತು.

5. ಪೈಪೋಟಿಗೆ ಬಂದವರನ್ನು ಓಡಿಸಬೇಡಿ.

ಅದೇ ಅವೆನ್ಯೂ ರಸ್ತೆಯ ಅಂಗಡಿಯೊಂದರಲ್ಲಿ ಒಬ್ಬರು ರಾಮಮೂರ್ತಿಯವರ ಪುಸ್ತಕ ಇದೆಯಾ ಎಂದು ವಿಚಾರಿಸಿದರು. ಇತ್ತು, ನನ್ನ ಕಂಕುಳಲ್ಲಿ. ಇನ್ನೂ ದುಡ್ಡು ಕೊಟ್ಟಿರಲಿಲ್ಲ. ನಾನು ಗೋಡೆ ಕಡೆ ತಿರುಗಿ ನಿಂತೆ, ಅವರು ಹೋದರು. ಪುಸ್ತಕ ಗೆದ್ದ ಖುಷಿಯಲ್ಲಿ ಮನೆಗೆ ಬಂದೆ. ಇಷ್ಟು ದೊಡ್ಡ ಬೆಂಗಳೂರಿನಲ್ಲಿ ನನ್ನಂತೆಯೇ ಆ ಹೆಸರು ಕೇಳಿಕೊಂಡು ಬಂದ ಒಬ್ಬೇ ಒಬ್ಬರ ಫೋನ್ ನಂಬರ್ ಕೂಡ ನನ್ನ ಬಳಿ ಇಲ್ಲ. ಅಪರೂಪದ ಅಭಿಮಾನಿ ಎನ್ನುವ ಜಂಬಕ್ಕೆ ತೆತ್ತ ಬೆಲೆ ಅದು.

6. ಗೆಳೆಯರು ಸಿಗುವವರೆಗೆ ಪುಸ್ತಕವನ್ನಾದರೂ ಉಳಿಸಿ.

ಹರಿದ ಹಾಳೆಗಳಿಗೆ ಸೆಲ್ಲೋಟೇಪ್ ಹಚ್ಚಿ ಜಾಣನೆಂದುಕೊಂಡಿದ್ದೆ. ಕೆಲವು ವರ್ಷಕ್ಕೆ ಟೇಪು ಹಳದಿಯಾಗಿ, ಅಕ್ಷರವನ್ನೂ ಎಬ್ಬಿಸಿಕೊಂಡು ಬಂತು. ಈಗ ಮುಟ್ಟುವ ಮೊದಲು ಪ್ರತಿ ಪುಟದ ಫೋಟೋ ತೆಗೆದಿಡುತ್ತೇನೆ. ಆದರೆ ಇವನ್ನು ಮತ್ತೆ ಅಚ್ಚು ಹಾಕಲು ಕಾಯಬೇಕು. ನಮ್ಮ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಕನ್ನಡ ಚಳವಳಿ ಕಟ್ಟಿದ, ಹಳದಿ-ಕೆಂಪು ಬಾವುಟ ಕೊಟ್ಟ ರಾಮಮೂರ್ತಿಯವರು ಹೋದದ್ದು 1967ರಲ್ಲಿ. ಅವರು ಬರೆದದ್ದು 2028ರ ಜನವರಿ 1ರಿಂದ ಯಾರು ಬೇಕಾದರೂ ಅಚ್ಚು ಹಾಕುವಂತಾಗುತ್ತದೆ. ಅಚ್ಚು ಹಾಕಲು ಪ್ರತಿ ಸಿಗಬೇಕಷ್ಟೇ. 2011ರಲ್ಲಿ ತೀರಿಕೊಂಡ ನರಸಿಂಹಯ್ಯನವರ ಕಾದಂಬರಿಗಳು 2072ರವರೆಗೆ ಕಾಯಬೇಕು. ಅವುಗಳ ಕಾಗದ ಅಲ್ಲಿಯವರೆಗೆ ತಾಳುವುದಿಲ್ಲ.

ಹಾಗಾಗಿ ಒಂದು ಬೇಡಿಕೆ. ಚಾಮರಾಜಪೇಟೆಯಲ್ಲೋ ಮಲ್ಲೇಶ್ವರದಲ್ಲೋ ನಿಮ್ಮ ಹಳೇ ಮನೆ ಕೆಡವುವ ಮೊದಲು ಅಟ್ಟ ಹತ್ತಿ ನೋಡಿ. ಇಂಥ ಪುಸ್ತಕ ಸಿಕ್ಕರೆ ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಹಾಕಬೇಡಿ. ನೀವು ಓದಲೇಬೇಕೆಂದಿಲ್ಲ, ಓದುವವರು ಕೇಳಿಕೊಂಡು ಬಂದಾಗ ಕೊಡಿ. ಗೋಡೆ ಕಡೆ ಮಾತ್ರ ತಿರುಗಬೇಡಿ.