ಟ್ಯಾಬ್‌ನಲ್ಲಿ ಕನ್ನಡದ ಟಿಪ್ಪಣಿ: ಆ್ಯಪ್ ಆರಿಸುವ ಬಗೆ

ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ.ಗೆ ಸೇರಿರುವ ಅಣ್ಣನ ಮಗಳು ಹೊಸ ಟ್ಯಾಬ್ ಹಿಡಿದು ಬಂದಳು. "ಚಿಕ್ಕಪ್ಪ, ನೋಟ್ಸ್ ಬರೆಯೋಕೆ ಯಾವ ಆ್ಯಪ್ ಹಾಕ್ಕೊಳ್ಳಲಿ?" ನಾನು ಹೆಸರು ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ಇಬ್ಬರೂ ಕುಕ್ಕರಹಳ್ಳಿ ಕೆರೆಯ ಪಕ್ಕ ಕೂತು ನಾಲ್ಕು ಆ್ಯಪ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿದೆವು. ಹೊಸಬರಿಗೆ ಉಪಯೋಗವಾಗಲೆಂದು ಆ ಕ್ರಮವನ್ನೇ ಬರೆಯುತ್ತಿದ್ದೇನೆ.

ಹಂತ 1: ಏನು ಬರೆಯುತ್ತೀರಿ?

ಮನೆಯ ಲೆಕ್ಕ, ಸಾಮಾನಿನ ಪಟ್ಟಿ, ನೆನಪಿನ ಚೀಟಿ ಇಷ್ಟೇ ಆದರೆ ಗೂಗಲ್ ಕೀಪ್ ಧಾರಾಳವಾಗಿ ಸಾಕು, ಮುಂದಿನದನ್ನು ಓದದಿದ್ದರೂ ನಡೆಯುತ್ತದೆ. ತರಗತಿಯಲ್ಲಿ ಪೆನ್ನಿನಿಂದ ಬರೆಯಬೇಕು, ಪಿಡಿಎಫ್ ಪುಸ್ತಕದ ಅಂಚಿನಲ್ಲಿ ಅರ್ಥ ಗುರುತಿಸಿಕೊಳ್ಳಬೇಕು ಎನ್ನುವವರು ಮಾತ್ರ ಆರಿಸಿ ತೆಗೆಯಬೇಕು. ಹಳಗನ್ನಡ ಓದುವ ನಮ್ಮ ಹುಡುಗಿಯ ಕೆಲಸ ಈ ಎರಡನೆಯದು.

ಹಂತ 2: ಟ್ಯಾಬ್‌ನಲ್ಲಿ ಇರುವುದನ್ನೇ ಮೊದಲು ತೆರೆಯಿರಿ

ಐಪ್ಯಾಡ್‌ನಲ್ಲಿ ಆ್ಯಪಲ್ ನೋಟ್ಸ್, ಸ್ಯಾಮ್‌ಸಂಗ್ ಟ್ಯಾಬ್‌ನಲ್ಲಿ ಸ್ಯಾಮ್‌ಸಂಗ್ ನೋಟ್ಸ್ ಇರುತ್ತವೆ. ಮೈಕ್ರೋಸಾಫ್ಟ್‌ನ ಒನ್‌ನೋಟ್ ಎರಡು ಬಗೆಯ ಟ್ಯಾಬ್‌ಗಳಿಗೂ ಉಚಿತ. ಅಂಗೈ ಊರಿ ನಾಲ್ಕು ಸಾಲು ಬರೆದು ನೋಡಿ, ಕೈ ತಾಗಿದಲ್ಲೆಲ್ಲ ಗೀಚು ಮೂಡಿದರೆ ಆ ಪೆನ್ನಿಗೂ ಆ ಆ್ಯಪ್‌ಗೂ ಹೊಂದುವುದಿಲ್ಲ. ಗೆರೆ ಹಾಕಿದ ಪುಟ ಆರಿಸುವಾಗ ಅಗಲ ಗೆರೆಯದನ್ನೇ ಆರಿಸಿ. ಕನ್ನಡದಲ್ಲಿ ಗುಡಿಸು ಮೇಲೇರುತ್ತದೆ, ಒತ್ತಕ್ಷರ ಕೆಳಗಿಳಿಯುತ್ತದೆ. ಇಂಗ್ಲಿಷಿಗೆಂದು ಎಳೆದ ಕಿರಿದಾದ ಗೆರೆಗಳ ನಡುವೆ ನಮ್ಮ ಅಕ್ಷರಕ್ಕೆ ಉಸಿರಾಡಲು ಜಾಗವಿರುವುದಿಲ್ಲ.

ಹಂತ 3: ಕನ್ನಡ ಸಲೀಸಾಗಿ ಒಳಗೆ ಹೋಗುತ್ತದೆಯೇ?

ಇಲ್ಲಿ ಅವಸರ ಬೇಡ. ಆಂಡ್ರಾಯ್ಡ್‌ನಲ್ಲಿ ಜಿಬೋರ್ಡ್ ಕೀಲಿಮಣೆಗೆ ಕನ್ನಡ ಸೇರಿಸಿಕೊಂಡರೆ ಬೆರಳಚ್ಚಿಸಬಹುದು, ಮಾತಾಡಿ ಬರೆಸಬಹುದು, ಬೆರಳಲ್ಲಿ ಗೀಚಿದ್ದನ್ನು ಅಚ್ಚಿನ ಅಕ್ಷರವಾಗಿಸಲೂಬಹುದು. "ಸೂರ್ಯ, ರಾಷ್ಟ್ರ, ಸ್ವಾತಂತ್ರ್ಯ, ಶಾಸ್ತ್ರಿ" ಎಂದು ಬರೆದು ಒತ್ತು, ಅರ್ಕಾವತ್ತು ಸರಿಯಾಗಿ ಕೂರುತ್ತವೆಯೇ ನೋಡಿ. ಆಮೇಲೆ ಆ್ಯಪ್‌ನ ಹುಡುಕುವ ಪಟ್ಟಿಯಲ್ಲಿ "ರಾಷ್ಟ್ರ" ಎಂದು ಹಾಕಿ. ಟೈಪು ಮಾಡಿದ್ದು ಸಿಗಬೇಕು. ಪೆನ್ನಿನಿಂದ ಬರೆದದ್ದೂ ಸಿಗುತ್ತದೆಂದು ನಂಬಿ ಕೂರಬೇಡಿ, ಇಂಗ್ಲಿಷ್ ಕೈಬರಹವನ್ನು ಹುಡುಕಿಕೊಡುವ ಆ್ಯಪ್ ಕನ್ನಡದ ಕೈಬರಹದ ಮುಂದೆ ಸುಮ್ಮನಾಗಬಹುದು. ಅದಕ್ಕೆ ನಾನು ಕಂಡುಕೊಂಡ ದಾರಿ ಇದು: ಒಳಗೆ ಕೈಬರಹ ಇರಲಿ, ತಲೆಬರಹವನ್ನು ಮಾತ್ರ ಪ್ರತಿ ಸಲವೂ ಟೈಪು ಮಾಡಿ. ವಿಷಯ, ಅಧ್ಯಾಯ, ದಿನ ಇದ್ದರೆ ಪರೀಕ್ಷೆಯ ಹಿಂದಿನ ರಾತ್ರಿ ಅದೇ ಕೈಹಿಡಿಯುತ್ತದೆ.

ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಕಡತಗಳಿದ್ದವರು ಇನ್ನೊಂದು ಕೆಲಸ ಮಾಡಬೇಕು. ಯೂನಿಕೋಡ್‌ಗೆ ಮುಂಚಿನ ಫಾಂಟಿನಲ್ಲಿ ಟೈಪು ಮಾಡಿದ್ದನ್ನು ನೇರವಾಗಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಅಂಟಿಸಿ. ಅಚ್ಚಾದ ಪುಸ್ತಕದ ಪುಟವಾದರೆ ಅದರ ಫೋಟೋವನ್ನು ಗೂಗಲ್ ಡ್ರೈವ್‌ಗೆ ಹಾಕಿ, ಕಂಪ್ಯೂಟರಿನಲ್ಲಿ ಗೂಗಲ್ ಡಾಕ್ಸ್ ಮೂಲಕ ತೆರೆಯಿರಿ. ಕನ್ನಡದ ಅಕ್ಷರಗಳು ತಕ್ಕಮಟ್ಟಿಗೆ ಸರಿಯಾಗಿಯೇ ಬರುತ್ತವೆ, ತಪ್ಪು ತಿದ್ದಿಕೊಂಡರಾಯಿತು.

ಹಂತ 4: ಬರೆದದ್ದು ಹೊರಗೆ ಬರುತ್ತದೆಯೇ?

ಇದಕ್ಕೊಂದು ಹಳೆಯ ಉದಾಹರಣೆ ಹೇಳುತ್ತೇನೆ. ನಮ್ಮ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಲ್ಲಿ ಆರಂಭವಾಯಿತು. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ತಾಳೆಗರಿಯ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು, 1909ರಲ್ಲಿ ಅಚ್ಚುಹಾಕಿಸಿದರು. ಆ ಕಟ್ಟು ತಂಜಾವೂರು ಸೀಮೆಯಿಂದ ಬಂದದ್ದು, ಗ್ರಂಥ ಲಿಪಿಯದು. ಯಾರೋ ಪ್ರತಿ ಮಾಡಿಟ್ಟಿದ್ದರು, ಆ ಲಿಪಿಯನ್ನು ಓದಬಲ್ಲವರು ಇಲ್ಲಿದ್ದರು. ಎರಡರಲ್ಲಿ ಒಂದು ತಪ್ಪಿದ್ದರೂ ಆ ಗ್ರಂಥ ಮೈಸೂರಿನಲ್ಲಿ ಬೆಳಕು ಕಾಣುತ್ತಿರಲಿಲ್ಲ.

ನಿಮ್ಮ ಟಿಪ್ಪಣಿಗೂ ಈ ಎರಡೇ ಬೇಕು: ಇನ್ನೊಂದು ಪ್ರತಿ, ಬೇರೆಯವರೂ ತೆರೆಯಬಲ್ಲ ಸ್ವರೂಪ. ಎರಡು ವರ್ಷದ ಉಪನ್ಯಾಸಗಳ ಟಿಪ್ಪಣಿಯನ್ನು ನಾನು ಒಂದು ಆ್ಯಪ್‌ನಲ್ಲಿ ಇಟ್ಟಿದ್ದೆ. ಅದು ಹೊಸ ಟ್ಯಾಬ್‌ನಲ್ಲಿ ನಡೆಯಲಿಲ್ಲ. ಕಡತಗಳು ಇನ್ನೂ ನನ್ನ ಬಳಿ ಇವೆ, ತೆರೆಯುವ ದಾರಿ ಇಲ್ಲ. ಆ ಸಂಕಟ ಈಗಲೂ ಇದೆ.

ಆದ್ದರಿಂದ ಒಂದು ಟಿಪ್ಪಣಿಯನ್ನು ಪಿಡಿಎಫ್ ಆಗಿ ಹೊರತೆಗೆದು ಫೋನಿನಲ್ಲಿ ತೆರೆಯಿರಿ. ಟೈಪು ಮಾಡಿದ್ದಾದರೆ ಸರಳ ಪಠ್ಯವಾಗಿಯೂ ತೆಗೆಯಿರಿ. ಪಿಡಿಎಫ್‌ನಿಂದ ಕನ್ನಡದ ಸಾಲೊಂದನ್ನು ನಕಲಿಸಿ ಅಂಟಿಸಿದಾಗ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುವುದುಂಟು, ಪಠ್ಯ ಕಡತದಲ್ಲಿ ಆ ತೊಂದರೆಯಿಲ್ಲ. ಕೊನೆಗೆ ಆ್ಯಪ್ ಅಳಿಸಿ, ಮತ್ತೆ ಹಾಕಿ. ಪರೀಕ್ಷೆಗೆಂದು ಬರೆದ ಟಿಪ್ಪಣಿ ಮರಳಿ ಬಂತೇ? ಬಾರದಿದ್ದರೆ ಆ ಆ್ಯಪ್ ಬೇಡ.

ಹಂತ 5: ನೆಟ್ ತೆಗೆದು ನೋಡಿ

ಏರೋಪ್ಲೇನ್ ಮೋಡ್ ಹಾಕಿ. ಹಳೆಯ ಟಿಪ್ಪಣಿ ತೆರೆದು, ಹೊಸದು ಬರೆಯಲು ಬಂದರೆ ಸರಿ.

ಹಂತ 6: ದುಡ್ಡಿನ ಮಾತು

ಒಂದು ಸೆಮಿಸ್ಟರ್ ಉಚಿತವಾಗಿಯೇ ಬಳಸಿ, ಆಮೇಲೆ ಕೊಳ್ಳುವ ಯೋಚನೆ ಮಾಡಿ. ಉಚಿತ ಎಂದದ್ದು ಹಾಗೆಯೇ ಉಳಿಯುತ್ತದೆ ಎನ್ನುವಂತಿಲ್ಲ. ಎವರ್‌ನೋಟ್ 2023ರ ಕೊನೆಯಲ್ಲಿ ಉಚಿತ ಬಳಕೆಯನ್ನು 50 ಟಿಪ್ಪಣಿಗೆ ಇಳಿಸಿತು. ಒಮ್ಮೆ ದುಡ್ಡು ಕೊಟ್ಟು ಕೊಳ್ಳುತ್ತಿದ್ದ ನೋಟಬಿಲಿಟಿ 2021ರಲ್ಲಿ ಚಂದಾಕ್ಕೆ ಬದಲಾಯಿತು. ಜಾಗದ ಲೆಕ್ಕವೂ ತಿಳಿದಿರಲಿ: ಗೂಗಲ್ ಖಾತೆಯಲ್ಲಿ ಮೇಲ್, ಫೋಟೋ ಎಲ್ಲ ಸೇರಿ 15 ಜಿಬಿ ಉಚಿತ, ಐಕ್ಲೌಡ್ ಮತ್ತು ಒನ್‌ಡ್ರೈವ್‌ನಲ್ಲಿ ತಲಾ 5 ಜಿಬಿ. ಫೋಟೋ, ಧ್ವನಿಮುದ್ರಣ ಹೆಚ್ಚಾದರೆ 5 ಜಿಬಿ ಬೇಗ ತುಂಬುತ್ತದೆ.

ಹಂತ 7: ಒಂದು ವಾರ, ಒಂದೇ ಆ್ಯಪ್

ಎಲ್ಲದರಲ್ಲೂ ಗೆದ್ದದ್ದನ್ನು ಒಂದು ವಾರ ನಿಜವಾದ ಕೆಲಸಕ್ಕೆ ಹಚ್ಚಿ. ಹುಡುಗಿಯದು ಸ್ಯಾಮ್‌ಸಂಗ್ ಟ್ಯಾಬ್, ಪೆನ್ನೂ ಜೊತೆಗೇ ಬಂದದ್ದು. ಪಿಡಿಎಫ್ ಮೇಲೆ ಬರೆಯಲು ಅದರ ನೋಟ್ಸ್ ಆ್ಯಪ್ಪೇ ಅವಳ ಕೈಗೆ ಹೊಂದಿತು. ಪ್ರತಿ ಶನಿವಾರ ಸಂಜೆ ಆ ವಾರದ್ದೆಲ್ಲವನ್ನೂ ಪಿಡಿಎಫ್ ಮಾಡಿ ಡ್ರೈವ್‌ಗೆ ಹಾಕುವುದೆಂದು ಮಾತಾಯಿತು. ಮೊದಲ ಪುಟದ ತಲೆಬರಹವನ್ನು ನನ್ನ ಎದುರಿಗೇ ಟೈಪು ಮಾಡಿದಳು: "ಪಂಪಭಾರತ, ಮೊದಲ ಆಶ್ವಾಸ, ಸೋಮವಾರ".