ಮದುವೆ ಡಿವಿಡಿ ಇಳಿಸೋ ಮುಂಚೆ

ನಿಮ್ಮಕ್ಕನ ಮದುವೆ, ನಿನ್ನ ಮುಂಜಿ, ಗೃಹಪ್ರವೇಶ, ಎಲ್ಲ ಡಿವಿಡಿಗಳನ್ನೂ ಕಂಪ್ಯೂಟರಿಗೆ ಹಾಕಿಡ್ತೀನಿ ಅಂತ ಹೊರಟಿದ್ದೀಯಲ್ಲ ಪುಟ್ಟಾ, ತಡಮಾಡಬೇಡ. ಸ್ಟುಡಿಯೋದವರು ಬರ್ನ್ ಮಾಡಿ ಕೊಡುತ್ತಿದ್ದ ಡಿಸ್ಕಿನಲ್ಲಿ ಚಿತ್ರ ಉಳಿದಿರೋದು ತೆಳುವಾದ ಒಂದು ಬಣ್ಣದ ಪದರದಲ್ಲಿ. ಬಿಸಿಲು, ತೇವ ಎರಡೂ ಅದಕ್ಕೆ ಆಗಿಬರಲ್ಲ. ಆದರೆ ವಿಡಿಯೋ ಪರಿವರ್ತಿಸೋ ಹ್ಯಾಂಡ್‌ಬ್ರೇಕ್ ತಂತ್ರಾಂಶ ತೆರೆದ ಕೂಡಲೇ ಸಿಕ್ಕ ಬಟನ್ ಒತ್ತಲೂ ಹೋಗಬೇಡ. ಮೊದಲು ಡಿಸ್ಕಿನ ಫೋಲ್ಡರನ್ನು ಇದ್ದ ಹಾಗೇ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡ್ಕೋ. ಒಂದು ಪದರದ ಡಿಸ್ಕಾದರೆ 4.7 ಜಿಬಿ ಮೀರಲ್ಲ. ಪರಿವರ್ತನೆ ಕೆಟ್ಟರೂ ಮೂಲ ಕೈಲಿರುತ್ತೆ.

ನಮ್ಮ ಕಡೆಯ ಡಿವಿಡಿ ಪಾಲ್ ಪದ್ಧತಿಯದು. ಅಡ್ಡಕ್ಕೆ 720 ಚುಕ್ಕಿ, ಮೇಲಿಂದ ಕೆಳಗೆ 576 ಸಾಲು, ಅಷ್ಟೇ. ಅದನ್ನು 1080ಕ್ಕೆ ಏರಿಸೋ ಆಸೆ ಎಲ್ಲರಿಗೂ ಬರುತ್ತೆ. ಬೇಡ. ಮೂಲದಲ್ಲಿ ಇಲ್ಲದ ವಿವರ ಎಲ್ಲಿಂದ ಬರಬೇಕು? ಫೈಲ್ ಮಾತ್ರ ಉಬ್ಬುತ್ತೆ. ಹಿಗ್ಗಿಸೋ ಕೆಲಸ ಟಿವಿಯೇ ಮಾಡಿಕೊಳ್ಳುತ್ತೆ ಬಿಡು.

ಬಿಟ್‌ರೇಟ್ ಇಷ್ಟೇ ಅಂತ ಕಟ್ಟಿಹಾಕೋದೂ ಬೇಡ. ಕಾನ್‌ಸ್ಟಂಟ್ ಕ್ವಾಲಿಟಿ ಅಂತಿರುತ್ತೆ, ಅದನ್ನು ಆರಿಸು. ಅದರ ಜೊತೆಗಿರೋ ಆರ್‌ಎಫ್ ಸಂಖ್ಯೆ ಇಳಿದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. ಡಿವಿಡಿಗೆ 18ರಿಂದ 22ರೊಳಗೆ ಸಾಕು. ನಾನಾದರೆ 19 ಇಡ್ತೀನಿ. ಯಾಕೆ ಅಂತೀಯಾ? ಪುರೋಹಿತರು ಕೂತು ಮಂತ್ರ ಹೇಳುವಾಗ ಚಿತ್ರ ಹೆಚ್ಚೇನೂ ಅಲುಗಾಡಲ್ಲ, ಸ್ವಲ್ಪ ಬಿಟ್‌ನಲ್ಲಿ ಕೆಲಸ ಮುಗಿಯುತ್ತೆ. ಗಟ್ಟಿಮೇಳ ಮೊಳಗಿ ಇಡೀ ಛತ್ರ ಅಕ್ಷತೆ ಎರಚಿದಾಗ ಒಂದೊಂದು ಕಾಳೂ ಒಂದೊಂದು ದಿಕ್ಕಿಗೆ ಹಾರುತ್ತೆ. ಆಗ ಎನ್‌ಕೋಡರಿಗೆ ಏದುಸಿರು. ಗುಣಮಟ್ಟವನ್ನು ಹಿಡಿದಿಟ್ಟರೆ ಬಿಟ್‌ಗಳನ್ನು ಬೇಕಾದ ಕಡೆ ಅದೇ ಸುರಿಯುತ್ತೆ. ಹಾಗಾಗಿ ಮೂರು ಗಂಟೆಯ ಮದುವೆಯನ್ನು ಪೂರ್ತಿ ಓಡಿಸೋ ಮುಂಚೆ ಆ ಧಾರೆಯ ಒಂದು ನಿಮಿಷವನ್ನು ಮಾತ್ರ ಮಾಡಿ, ದೊಡ್ಡ ಟಿವಿಯಲ್ಲಿ ಹಾಕಿ ನೋಡು. ಅಲ್ಲಿ ಚೌಕಚೌಕ ಕಾಣದಿದ್ದರೆ ಬೇರೆಲ್ಲೂ ಕಾಣಲ್ಲ.

ಅದೇ ತುಣುಕಿನಲ್ಲಿ ಎಸೆಯೋ ಕೈಗಳನ್ನೂ ಗಮನಿಸು. ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಎದ್ದಿದ್ದರೆ ಡಿಇಂಟರ್‌ಲೇಸ್ ಹಾಕಬೇಕು. ಆಗಿನ ವಿಡಿಯೋ ಕ್ಯಾಮೆರಾ ಒಂದು ಚಿತ್ರವನ್ನು ಎರಡು ಕಂತಿನಲ್ಲಿ, ಬೆಸ ಸಾಲು ಒಂದು ಸಲ ಸರಿ ಸಾಲು ಇನ್ನೊಂದು ಸಲ ಅಂತ, ಹಿಡಿಯುತ್ತಿತ್ತು. ಸೆಕೆಂಡಿಗೆ 25 ಚಿತ್ರ ಅಂದರೂ ಒಳಗೆ ಇರೋದು 50 ಕಂತು. ಬಾಬ್ ಅನ್ನೋ ಆಯ್ಕೆ ಇದ್ದರೆ ಅದನ್ನೇ ಹಾಕಿ ಫ್ರೇಮ್‌ರೇಟ್ 50 ಕೊಡು, ಓಡಾಟ ನುಣುಪಾಗಿ ಬರುತ್ತೆ. ಇದೊಂದನ್ನು ಬಿಟ್ಟವರ ಫೈಲುಗಳೇ ಹೆಚ್ಚು, ನೋಡೋಕೆ ಬೇಜಾರು.

ಮುಖಗಳು ಸಣಕಲಾಗಿಯೋ ಊದಿಕೊಂಡೋ ಕಂಡರೆ ಆಸ್ಪೆಕ್ಟ್ ರೇಶಿಯೋ ತಪ್ಪಿದೆ ಅಂತ. ಹಳೇ ಮದುವೆಗಳು ಸಾಮಾನ್ಯವಾಗಿ 4:3. ಕೋಡೆಕ್ ಎಚ್.264 ಇರಲಿ. ಎಚ್.265 ಜಾಗ ಉಳಿಸುತ್ತೆ ನಿಜ, ಅಜ್ಜಿ ಮನೆಯ ಹಳೇ ಟಿವಿ ಅದನ್ನು ಓದದೇ ಹೋದರೆ? ಧ್ವನಿಗೆ ಎಎಸಿ 160 ಸಾಕು, ನಾದಸ್ವರ ಚೆನ್ನಾಗೇ ಕೇಳುತ್ತೆ. ವೇಗ ಸ್ಲೋ ಇಟ್ಟು ರಾತ್ರಿ ಬಿಟ್ಟು ಮಲಗು.

ಎಲ್ಲ ಆದಮೇಲೆ ದೊಡ್ಡಮ್ಮನಿಗೆ ವಾಟ್ಸಾಪಲ್ಲಿ ವಿಡಿಯೋ ಅಂತ ಕಳಿಸಬೇಡ ಮಾರಾಯ, ಅದು ಇನ್ನೊಂದು ಸಲ ಹಿಂಡಿಬಿಡುತ್ತೆ. ಪೆನ್‌ಡ್ರೈವಿಗೆ ಹಾಕಿ ಕೊಡು. ಅದು ಎಫ್‌ಎಟಿ32 ಆಗಿದ್ದರೆ 4 ಜಿಬಿ ಮೀರಿದ ಫೈಲ್ ಹಿಡಿಸಲ್ಲ, ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡ್ಕೋ. ಅವರ ಟಿವಿ ಅದನ್ನು ಓದಲ್ಲ ಅಂದರೆ ಮದುವೆಯನ್ನೇ ಎರಡು ಭಾಗ ಮಾಡಿ ಹಾಕು: ಹಿಂದಿನ ದಿನದ ಆರತಕ್ಷತೆ ಒಂದು, ಧಾರೆ ಇನ್ನೊಂದು.