ನಡೆಯುತ್ತಿರುವ ಗಣಕದ ಸ್ಥಳಾಂತರ

ಒಂದು ಗಣಕಯಂತ್ರದೊಳಗೆ ತಂತ್ರಾಂಶದ ಬಲದಿಂದ ಹಲವು ಕಲ್ಪಿತ ಗಣಕಗಳನ್ನು ನಡೆಯಿಸಬಹುದು. ಇವಕ್ಕೆ ವರ್ಚುಯಲ್ ಮಷೀನ್ ಎಂದು ಹೆಸರು. ಹೊರಯಂತ್ರವನ್ನು ದುರಸ್ತಿ ಮಾಡಬೇಕಾದಾಗ ಒಳಗಿನ ಗಣಕವನ್ನು, ಕೆಲಸ ನಿಲ್ಲಿಸದೆಯೆ, ಬೇರೊಂದು ಯಂತ್ರಕ್ಕೆ ಸಾಗಿಸುವುದು ಹೇಗೆ?

ಒಂದು ಉಪಮಾನವನ್ನು ತೆಗೆದುಕೊಳ್ಳೋಣ. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆಯ ಮಹಾಪೂರವನ್ನು ಕಂಡ ಸೀಮೆ ನಮ್ಮದು. ಗಲಗಲಿಯ ಅಂಗಡಿಯೊಂದರ ಕಿರ್ದಿ ಪುಸ್ತಕವನ್ನು ಬಾಗಲಕೋಟೆಯ ನವನಗರಕ್ಕೆ ಸಾಗಿಸಬೇಕಾಗಿದೆ. ಆದರೆ ವ್ಯಾಪಾರ ನಿಲ್ಲಕೂಡದು ಎಂದು ಭಾವಿಸೋಣ. ಗುಮಾಸ್ತನು ಪುಟಗಳ ಪ್ರತಿಯನ್ನು ಕಳುಹಿಸುತ್ತಾನೆ. ಅಷ್ಟರಲ್ಲಿ ತಿದ್ದಲ್ಪಟ್ಟ ಪುಟಗಳನ್ನು ಮತ್ತೆ ಕಳುಹಿಸುತ್ತಾನೆ. ಗಣಕದಲ್ಲಿಯೂ ಹಾಗೆಯೇ. ನಾಲ್ಕು ಗಿಗಾಬೈಟ್ ಸ್ಮೃತಿಯಲ್ಲಿ 4096 ಬೈಟುಗಳ 10,48,576 ಪುಟಗಳಿವೆ. ಸೆಕೆಂಡಿಗೆ ಒಂದು ಗಿಗಾಬಿಟ್ ಸಾಗಿಸುವ ತಂತಿಯಲ್ಲಿ ಇವಕ್ಕೆ ಸುಮಾರು 34 ಸೆಕೆಂಡು ಬೇಕು. ಪುಟಗಳು ತಿದ್ದಲ್ಪಡುವ ವೇಗವು ಸಾಗಣೆಯ ವೇಗದ ಕಾಲುಭಾಗವಾಗಿದ್ದರೆ ಎರಡನೆಯ ಸುತ್ತಿಗೆ ಎಂಟೂವರೆ, ಮೂರನೆಯದಕ್ಕೆ ಸುಮಾರು ಎರಡು ಸೆಕೆಂಡು ಸಾಕು. ಉಳಿಕೆ ಅತ್ಯಲ್ಪವಾದಾಗ ಗಣಕವನ್ನು ಕ್ಷಣಕಾಲ ತಡೆದು ಕೊನೆಯ ಪುಟಗಳನ್ನು ದಾಟಿಸುತ್ತಾರೆ. 2005ರಲ್ಲಿ ಕ್ರಿಸ್ಟೋಫರ್ ಕ್ಲಾರ್ಕ್ ಮತ್ತು ಸಂಗಡಿಗರು ಈ ಕ್ರಮದಿಂದ ಆಟದ ಸರ್ವರೊಂದನ್ನು ಸುಮಾರು 60 ಮಿಲಿಸೆಕೆಂಡುಗಳ ತಡೆಯಲ್ಲಿ ಸಾಗಿಸಿ ತೋರಿಸಿದರು.

ತಿದ್ದುವ ವೇಗವೇ ಸಾಗಣೆಯ ವೇಗವನ್ನು ಮೀರಿದರೆ? ಆಗ ಸುತ್ತುಗಳು ಮುಗಿಯುವುದೇ ಇಲ್ಲ. ಇದಕ್ಕೆ ಉಪಾಯವೆಂದರೆ ಗಣಕವನ್ನು ಮೊದಲೇ ಹೊಸ ಸ್ಥಳದಲ್ಲಿ ಆರಂಭಿಸಿ, ಇಲ್ಲದ ಪುಟವನ್ನು ಬೇಕಾದಾಗ ಹಳೆಯ ಸ್ಥಳದಿಂದ ಕೇಳಿ ತರಿಸುವುದು. ಕೇಳಬೇಕಾದರೆ ಮರುದಾರಿ ಇರಲೇಬೇಕು. ಏಕಮುಖ ಪ್ರವಾಹ ಇಲ್ಲಿ ಸಾಲದು.

ಈ ದಾರಿಯನ್ನು ರಚಿಸುವಾಗ ಮೂರು ಅಂಶಗಳನ್ನು ಗಮನಿಸಬೇಕು. ಮೊದಲನೆಯದು, ಎರಡು ಕಡೆಯವರೂ ಬರೆಯುತ್ತಲೇ ಇದ್ದು ಯಾರೂ ಓದದಿದ್ದರೆ, ನಡುವಣ ಸಂಗ್ರಹಗಳು ತುಂಬಿ ಇಬ್ಬರೂ ಸ್ತಬ್ಧರಾಗುವರು. ಆದುದರಿಂದ ಮರುದಾರಿಯನ್ನು ಆಲಿಸಲು ಪ್ರತ್ಯೇಕ ಕಾರ್ಯಸೂತ್ರವಿರಬೇಕು. ಎರಡನೆಯದು, ತುರ್ತಾಗಿ ಕೇಳಿದ ಪುಟವು ಸಾಮಾನ್ಯ ಪುಟಗಳ ಸಾಲಿನಲ್ಲಿ ನಿಲ್ಲಬಾರದು. ಅದರ ಮುಂದೆ ಹತ್ತು ಮೆಗಾಬೈಟ್ ಇದ್ದರೆ, ಮೇಲೆ ಹೇಳಿದ ತಂತಿಯಲ್ಲಿ 80 ಮಿಲಿಸೆಕೆಂಡು ವ್ಯರ್ಥ; ಅಷ್ಟು ಕಾಲ ಆ ಪುಟವನ್ನು ಬಯಸಿದ ಕೆಲಸ ನಿಂತಿರುತ್ತದೆ. ಕ್ಯೂಇಎಂಯು ಎಂಬ ಮುಕ್ತ ತಂತ್ರಾಂಶದಲ್ಲಿ 2022ರಲ್ಲಿ ತುರ್ತು ಪುಟಗಳಿಗೆಂದೇ ಬೇರೆ ದಾರಿಯನ್ನು ಒದಗಿಸಲಾಯಿತು.

ಮೂರನೆಯದೇ ಅತ್ಯಂತ ಗಂಭೀರ. ನಡುದಾರಿಯಲ್ಲಿ ತಂತಿ ಕಡಿದರೆ ಹೊಸ ಸ್ಥಳದಲ್ಲಿ ಪುಸ್ತಕ ಅಪೂರ್ಣ. ಹಳೆಯ ಸ್ಥಳದಲ್ಲಿ ಪೂರ್ಣವಿದ್ದರೂ ಹಳಸಿದುದು. ಗಲಗಲಿಯ ಗುಮಾಸ್ತನು ಮತ್ತೆ ಬರೆಯತೊಡಗಿದನೆಂದರೆ ಒಂದೇ ಅಂಗಡಿಗೆ ಎರಡು ಲೆಕ್ಕಗಳಾದುವು! ಆದುದರಿಂದ ಹಳೆಯ ಯಂತ್ರವು ಓಡದೆ ಕಾದಿರಬೇಕು. ಸಂಪರ್ಕ ಮರಳಿದಾಗ ಹೊಸ ಯಂತ್ರವು ತನಗೆ ಬಂದ ಪುಟಗಳ ಪಟ್ಟಿಯನ್ನು ಮರುದಾರಿಯಲ್ಲಿ ಕಳುಹಿಸುತ್ತದೆ. ಉಳಿದವು ಮಾತ್ರ ಮತ್ತೆ ಹೊರಡುತ್ತವೆ.

ಕಳುಹಿಸಿದುದೆಲ್ಲ ತಲುಪಿತೆಂದು ಕಳುಹಿಸಿದವನೇ ನಿರ್ಧರಿಸಲಾಗದು. ಪಡೆದವನ ಉತ್ತರ ಬಂದ ಬಳಿಕವೇ ಹಳೆಯ ಪುಸ್ತಕವನ್ನು ಅಳಿಸತಕ್ಕದ್ದು.